‘ಹಲೋ, ಫಾಲ್ಸಾ?’

ಮೂರನೇ ಸಾಲಿನ ಎಲೆಯ ಕೊಟ್ಟೆಗಳಿಗೆ ಹಿಟ್ಟು ತುಂಬುತ್ತಿರುವಾಗಲೇ ಫೋನು ಹೊಡೆದುಕೊಳ್ಳುತ್ತದೆ. ದುಗ್ಗಮ್ಮನವರ ಎರಡೂ ಕೈಗೆ ಕಡುಬಿನ ಹಿಟ್ಟು ಮೆತ್ತಿದೆ. ಮೊಣಕೈಯಿಂದ ಒತ್ತಿ ನೋಡುತ್ತಾರೆ, ಆಗುವುದಿಲ್ಲ. ಕೊನೆಗೆ ಬಗ್ಗಿ ಮೂಗಿನ ತುದಿಯಿಂದ ಹಸಿರು ಗುಂಡಿಯನ್ನು ಸರಿಸುತ್ತಾರೆ. ಬೆಳಗಿನ ಆರಕ್ಕೆ ಇನ್ನೂ ಹತ್ತು ನಿಮಿಷ ಇದೆ.

“ಹಲೋ, ಫಾಲ್ಸಾ?”

“ಹೌದು, ಫಾಲ್ಸು. ಹೇಳಿ.”

“ನೀರು ಹೆಂಗೈತ್ರಿ? ದಾವಣಗೆರೆಯಿಂದ ಬರೋರು ನಾವು.”

“ಜೊತೆಗೆ ಮಕ್ಕಳು ಇದಾವಾ?”

“ಎರಡದಾವ್ರಿ.”

“ಹಂಗಾರೆ ಇವತ್ತು ಬರ್ಬ್ಯಾಡಿ. ಎಮ್ಮೆ ತಲೆ ಮಾತ್ರ ಕಾಣ್ತದೆ.”

“ಯಾರ ಎಮ್ಮೆ ರೀ?”

ದುಗ್ಗಮ್ಮ ನಗುತ್ತಾರೆ. ಈ ಪ್ರಶ್ನೆ ಅವರಿಗೆ ಹಳೆಯದು.

ಹೊಸನಗರ ತಾಲ್ಲೂಕಿನ ಮಾವಿನಹಕ್ಲು ಅಬ್ಬಿಯ, ಅಂದರೆ ಜಲಪಾತದ, ಬುಡಕ್ಕೆ ಹೋಗಬೇಕಾದರೆ ಹಳ್ಳ ದಾಟಬೇಕು. ಹಳ್ಳದ ನಡುವೆ ಮಲಗಿದ ಎಮ್ಮೆಯ ಹಾಗೆ ಕಾಣುವ ಒಂದು ಕರಿಬಂಡೆ ಇದೆ. ಬೆನ್ನು ಕಂಡರೆ ಮಕ್ಕಳೂ ದಾಟಬಹುದು. ತಲೆ ಮಾತ್ರ ಕಂಡರೆ ಈಚೆ ದಡದಲ್ಲೇ ನಿಂತು ನೋಡಿ ಹೋಗಬೇಕು. ಏನೂ ಕಾಣದಿದ್ದರೆ ಮನೆಯಿಂದಲೇ ಹೊರಡಬಾರದು. ಮಳೆಗಾಲದ ಆರು ತಿಂಗಳು ದುಗ್ಗಮ್ಮ ದಿನಾ ಬೆಳಗ್ಗೆ ಐದು ಗಂಟೆಗೆ ಟಾರ್ಚು ಹಿಡಿದು ಅರ್ಧ ಮೈಲಿ ಇಳಿದು ಎಮ್ಮೆಯನ್ನು ನೋಡಿಬರುತ್ತಾರೆ. ಆಮೇಲೆ ಒಲೆ ಹಚ್ಚುತ್ತಾರೆ.

ಅವರದು ರಸ್ತೆ ಕೊನೆಯಾಗುವಲ್ಲಿ ಇರುವ ತಗಡಿನ ಮಾಡಿನ ಹೋಟೆಲು. ನಾಲ್ಕು ಬೆಂಚು, ಕಡುಬು, ಚಟ್ನಿ, ಚಾ. ಏಳು ವರ್ಷದ ಹಿಂದೆ ಸಾಗರದಿಂದ ಪ್ರವಾಸಿಗರನ್ನು ಕರೆತರುತ್ತಿದ್ದ ವ್ಯಾನಿನ ಗುತ್ಯಪ್ಪ, ಊಟಕ್ಕೆ ಮುಂಚೆಯೇ ಹೇಳಲು ಇರಲಿ ಎಂದು ಅವರ ನಂಬರು ಬರೆದುಕೊಂಡರು. ಅದನ್ನು ಅವರಿಂದ ಪಡೆದ ಯಾರೋ ಪ್ರಯಾಣಿಕರು ಫೋನಿನ ನಕ್ಷೆಯಲ್ಲಿ ಜಲಪಾತದ ಹೆಸರಿನ ಕೆಳಗೇ ಸೇರಿಸಿಬಿಟ್ಟರು. ಅಲ್ಲಿಂದ ಇಲ್ಲಿಯವರೆಗೆ ಜಲಪಾತಕ್ಕೆ ಬರುವ ಕರೆಗಳೆಲ್ಲ ದುಗ್ಗಮ್ಮನಿಗೇ.

ವಾರದ ದಿನಗಳಲ್ಲಿ ಹದಿನೈದು ಇಪ್ಪತ್ತು, ಶನಿವಾರ ಭಾನುವಾರ ಅರವತ್ತು ದಾಟುತ್ತವೆ. ತೀರ್ಥಹಳ್ಳಿಯಿಂದ ಹತ್ತಿರವೋ ಸಾಗರದಿಂದಲೋ ಎಂದು ಕೇಳುವವರಿದ್ದಾರೆ. ಹಾವು ಇವೆಯಾ, ಉಂಬಳ ಎಷ್ಟು ರಕ್ತ ಹೀರುತ್ತವೆ ಎನ್ನುವವರಿದ್ದಾರೆ. “ಒಬ್ಬ ಹುಡುಗಿ, ಅಲ್ಲಿ ನಿಂತ್ರೆ ಫೋಟೋಕ್ಕೆ ಯಾವ ಬಣ್ಣದ ಸೀರೆ ಒಪ್ತದೆ ಅಂತ ಕೇಳಿದ್ಲು. ಕೆಂಪು ಉಟ್ಕಂಡ್ ಬಾ ತಾಯಿ, ಜಾರಿ ಬಿದ್ರೆ ದೂರಕ್ಕೆ ಕಾಣ್ತೀಯ ಅಂದೆ” ಎನ್ನುತ್ತಾರೆ ದುಗ್ಗಮ್ಮ. ಹುಡುಗಿ ನಿಜವಾಗಿಯೂ ಕೆಂಪು ಸೀರೆಯಲ್ಲೇ ಬಂದಳಂತೆ.

ನಂಬರು ತೆಗೆಸಬಹುದು ಎಂದು ಸೊಸೆ ಶಿಲ್ಪಶ್ರೀ ಎಷ್ಟೋ ಸಲ ಹೇಳಿದ್ದಾಳೆ. ದುಗ್ಗಮ್ಮ ಒಪ್ಪಿಲ್ಲ. ಕಾರಣ ಕೇಳಿದರೆ ಮೊದಲು “ಪಾಪ, ಅವ್ರು ಇನ್ಯಾರನ್ನ ಕೇಳ್ಬೇಕು” ಎನ್ನುತ್ತಾರೆ. ಕೊಟ್ಟೆಯ ಬಾಯಿ ಮಡಚಿ ಕಡ್ಡಿ ಚುಚ್ಚುತ್ತಾ ಇನ್ನೊಂದು ಮಾತು ಸೇರಿಸುತ್ತಾರೆ: “ಐವತ್ನಾಲ್ಕು ವರ್ಷ ಆತು ನಂಗೆ. ಮದ್ವೆಗೆ, ಜಮೀನು ಕೊಡೋಕೆ, ಮಗನ್ನ ಓದಿಸೋಕೆ, ಯಾವ್ದಕ್ಕೂ ನಮ್ಮನೇಲಿ ನನ್ನ ಕೇಳಿ ಹೊರಟೋರಿಲ್ಲ. ಇವ್ರು ಅಷ್ಟು ದೂರದೋರು, ನಾನು ಬನ್ನಿ ಅಂದ್ರೆ ಹೊರಡ್ತಾರೆ, ಬ್ಯಾಡ ಅಂದ್ರೆ ಮನೇಲೇ ಉಳೀತಾರೆ.”

ಒಂದು ಸಲ ಅವರು ಹೇಳಿದ್ದು ತಪ್ಪಿತ್ತು. ಎರಡು ವರ್ಷದ ಹಿಂದೆ ಅವರಿಗೆ ಜ್ವರ. ಹಳ್ಳಕ್ಕೆ ಇಳಿಯದೆ, ನಿನ್ನೆಯಂತೆಯೇ ಇರಬಹುದು ಎಂದುಕೊಂಡು, ಕೇಳಿದವರಿಗೆ “ಬನ್ನಿ” ಎಂದುಬಿಟ್ಟರು. ಮೇಲಿನ ಕಾಡಿನಲ್ಲಿ ರಾತ್ರಿಯಿಡೀ ಮಳೆ ಸುರಿದಿತ್ತು. ಬಂದವರು ದಾಟಿದ ಮೇಲೆ ಹಳ್ಳ ಏರಿತು. ಕೂಸು ಹೊತ್ತ ತಾಯಿಯೊಬ್ಬಳು ಆಚೆ ದಡದ ಬಂಡೆಯ ಮೇಲೆ ನಾಲ್ಕು ಗಂಟೆ ಕುಳಿತಳು. ಗುತ್ಯಪ್ಪ ಹಗ್ಗ ಕಟ್ಟಿ ಕರೆತಂದರು. ಯಾರಿಗೂ ಏನೂ ಆಗಲಿಲ್ಲ. ಆ ತಾಯಿ ಹೋಗುವಾಗ ದುಗ್ಗಮ್ಮನ ಕೈಯ ಚಾ ಕುಡಿದೇ ಹೋದಳು. “ಬೈದಿದ್ರೆ ಒಳ್ಳೇದಿತ್ತು. ಬೈಲೇ ಇಲ್ಲ ನೋಡಿ ಅವ್ಳು” ಎನ್ನುವಾಗ ಅವರು ಮುಖ ಒಲೆಯ ಕಡೆಗೆ ತಿರುಗಿಸುತ್ತಾರೆ. ಆಮೇಲೆ ಒಂದು ದಿನವೂ ಅವರು ನೋಡದೆ ಹೇಳಿದ್ದಿಲ್ಲ. ಮಂಡಿ ಊದಿಕೊಂಡರೂ ಇಳಿಯುತ್ತಾರೆ.

ಈಗ ಅಬ್ಬಿಗೆ ಬೇಡಿಕೆ ಬಂದಿದೆ. ಮೇಲಿನ ತಿರುವಿನಲ್ಲಿ ಹೊಸ ರೆಸಾರ್ಟು ಏಳುತ್ತಿದೆ. ಅದರ ಮ್ಯಾನೇಜರ್ ರವೀಂದ್ರ ಮೂರು ಸಲ ಬಂದು ಇದೇ ಬೆಂಚಿನಲ್ಲಿ ಕುಳಿತು ಕಡುಬು ತಿಂದು ಹೋಗಿದ್ದಾರೆ. ಅವರಿಗೆ ಬೇಕಾಗಿರುವುದು ದುಗ್ಗಮ್ಮನ ನಂಬರು. ಸಿಮ್ಮು ರೆಸಾರ್ಟಿನ ಹೆಸರಿಗೆ ಬಂದರೆ ಜಲಪಾತಕ್ಕೆ ಬರುವ ಕರೆಗಳೆಲ್ಲ ಅವರ ಮೇಜಿಗೆ ಬರುತ್ತವೆ. ಬದಲಿಗೆ ದುಗ್ಗಮ್ಮನಿಗೆ ರೆಸಾರ್ಟಿನ ಅಡುಗೆಮನೆಯಲ್ಲಿ ವರ್ಷವಿಡೀ ಕೆಲಸ, ತಿಂಗಳ ಸಂಬಳ. ಗಂಡ ಶೇಷಪ್ಪನವರಿಗೆ ಇದರಲ್ಲಿ ಯೋಚಿಸುವಂಥದ್ದೇನೂ ಕಾಣುವುದಿಲ್ಲ. “ಪುಕ್ಕಟೆ ಬಾಯಿ ನೋಯಿಸ್ಕಳೋದು ಬಿಟ್ರೆ ಈ ನಂಬ್ರದಾಗೆ ಎಂತ ಅದೆ? ಮಂಡಿಗಾದ್ರೂ ಸುಖ ಆಗ್ಲಿ” ಎನ್ನುತ್ತಾರೆ. ಅವರ ಮಾತಿನಲ್ಲಿ ಹೆಂಡತಿಯ ಮಂಡಿಯ ಚಿಂತೆ ನಿಜವಾಗಿಯೂ ಇದೆ. ಆ ಮಂಡಿಗೆ ರಾತ್ರಿ ಎಣ್ಣೆ ತಿಕ್ಕುವವರು ಅವರೇ.

ಮಾತು ಹೆಚ್ಚುಕಡಿಮೆ ಮುಗಿದಿದೆ. ಇವತ್ತು ಹತ್ತು ಗಂಟೆಗೆ ರವೀಂದ್ರ ಜೀಪು ತರುತ್ತಾರೆ. ಹೊಸನಗರದ ಮೊಬೈಲ್ ಅಂಗಡಿಯಲ್ಲಿ ದುಗ್ಗಮ್ಮ ಆಧಾರ್ ಕಾರ್ಡು ತೋರಿಸಿ ಹೆಬ್ಬೆಟ್ಟು ಒತ್ತಿದರೆ ಆಯಿತು.

ಜೀಪು ಒಂಬತ್ತೂವರೆಗೇ ಬರುತ್ತದೆ. ರವೀಂದ್ರ ಒಳ್ಳೆಯ ಮನುಷ್ಯ, ನಗುನಗುತ್ತಾ ಮಾತಾಡುತ್ತಾರೆ. ಬಿಸಿ ಕಡುಬು ಮುಂದಿಟ್ಟು ದುಗ್ಗಮ್ಮ ಕೇಳುತ್ತಾರೆ: “ಸಾರ್, ಬೇಸಿಗೇಲಿ ನೀರಿಲ್ದಾಗ ಫೋನ್ ಬಂದ್ರೆ ಎಂತ ಹೇಳ್ತೀರಿ?”

“ನೀರಿಲ್ಲ ಅಂತ ಯಾರಾದ್ರೂ ಹೇಳ್ತಾರಾ ದುಗ್ಗಮ್ಮ? ಬನ್ನಿ ಅನ್ನೋದು. ರೂಮಿದೆ, ಈಜುಕೊಳ ಇದೆ.”

“ಮಳೇಲಿ ಎಮ್ಮೆ ಮುಳುಗಿದ್ರೆ?”

“ಆಗ್ಲೂ ಬನ್ನಿ ಅನ್ನೋದೇ. ಬಂದ್ಮೇಲೆ ನೋಡ್ಕೊಳ್ಳೋಣ. ನಮ್ಮ ಬೋರ್ಡಿನ ಮೇಲೆ ನಿಮ್ಮ ಎಮ್ಮೆ ಚಿತ್ರಾನೂ ಹಾಕಿಸ್ತೀವಿ, ಬೇಜಾರ್ ಮಾಡ್ಕಬೇಡಿ.”

ಶೇಷಪ್ಪ ದೊಡ್ಡದಾಗಿ ನಗುತ್ತಾರೆ. ದುಗ್ಗಮ್ಮನೂ ನಗುತ್ತಾರೆ, ಇನ್ನೆರಡು ಕಡುಬು ಬಡಿಸುತ್ತಾರೆ. ಸೀರೆ ಬದಲಿಸಿ ಬರುತ್ತೇನೆಂದು ಹೇಳಿ ಒಳಗೆ ಹೋಗುತ್ತಾರೆ.

ಒಳಕೋಣೆಗೆ ಬಾಗಿಲಿಲ್ಲ, ಪರದೆ ಅರ್ಧ ಸರಿದಿದೆ. ಶೇಷಪ್ಪ ಮೊದಲೇ ತೆಗೆದಿಟ್ಟ ಆಧಾರ್ ಕಾರ್ಡು ಗೋಡೆಯ ಗೂಡಿನಲ್ಲಿದೆ. ದುಗ್ಗಮ್ಮ ಅದನ್ನು ಕೈಗೆತ್ತಿಕೊಂಡು, ತಮ್ಮದೇ ಮುಖವನ್ನು ಗುರುತು ಹಿಡಿಯುವವರ ಹಾಗೆ ಒಂದು ಗಳಿಗೆ ನೋಡುತ್ತಾರೆ. ಆಮೇಲೆ ಅಕ್ಕಿ ಡಬ್ಬದ ಮುಚ್ಚಳ ತೆಗೆದು, ಮೊಣಕೈವರೆಗೆ ಕೈ ಇಳಿಸಿ ಕಾರ್ಡನ್ನು ತಳಕ್ಕೆ ಸೇರಿಸುತ್ತಾರೆ. ಮೇಲಿನ ಅಕ್ಕಿಯನ್ನು ಅಂಗೈಯಿಂದ ಸವರಿ ಸಮ ಮಾಡುತ್ತಾರೆ.

“ಕಾರ್ಡು ಸಿಕ್ತೇನೇ?” ಹೊರಗಿನಿಂದ ಶೇಷಪ್ಪ ಕೂಗುತ್ತಾರೆ. “ಸಾರ್‌ಗೆ ತಡ ಆಗ್ತದೆ.”

“ಹುಡುಕ್ತಾ ಇದೀನಿ” ಎನ್ನುತ್ತಾ ದುಗ್ಗಮ್ಮ ಡಬ್ಬದ ಮುಚ್ಚಳ ಒತ್ತಿ ಹಾಕುತ್ತಾರೆ.