ನಾಲ್ಕು ಬೆರಳಿನ ಬಾಗು

ಮೊನ್ನೆ ಮೊಮ್ಮಗಳು ಹೊಲಿಗೆ ತರಗತಿಗೆಂದು ಎರಡು ಮೀಟರ್ ಕೋರಾ ಬಟ್ಟೆ ತಂದು ನನ್ನ ಮಂಚದ ಮೇಲೆ ಹರಡಿದಳು. ಇನ್ನೂ ನೀರು ಕಾಣದ ಬಟ್ಟೆ. ಅದರ ಗಂಜಿಯ ವಾಸನೆ ಮೂಗಿಗೆ ಬಡಿದದ್ದೇ ತಡ, ಮೇಸ್ತ್ರಿ ನೆನಪಾದರು. ನಮ್ಮ ಕಾಲದಲ್ಲಿ ಆ ಒರಟು ಬಟ್ಟೆಗೆ ಮಾಂಜರಪಾಟು ಅನ್ನುತ್ತಿದ್ದೆವು. ಐವತ್ತು ವರ್ಷ ದರ್ಜಿ ಕೆಲಸ ಮಾಡಿದವನು ನಾನು. ಕೆಡಿಸಿದ ಬಟ್ಟೆಗಳು ಬೇಕಾದಷ್ಟಿವೆ, ಸುಳ್ಳು ಯಾಕೆ ಹೇಳಲಿ. ಆದರೆ ಇಷ್ಟು ವರ್ಷವಾದರೂ ಮರೆಯಲಾಗದ್ದು ಮೇಸ್ತ್ರಿಗೆ ಹೊಲಿದ ಆ ಒಂದು ಬಟ್ಟೆ ಮಾತ್ರ.

ಎರಡನೇ ಮಹಾಯುದ್ಧ ಶುರುವಾಗುವುದಕ್ಕೆ ಒಂದೆರಡು ವರ್ಷ ಮೊದಲಿನ ಮಾತು. ತುಂಗೆಯ ದಡದ ನಮ್ಮೂರಿನ ದುರ್ಗಿಗುಡಿ ಬೀದಿಯಲ್ಲಿ ನನ್ನದೊಂದು ಸಣ್ಣ ಅಂಗಡಿ. ಜಟಕಾ ಗಾಡಿಗಳ ಹೊದಿಕೆ ಹೊಲಿಯುವಂಥ ದಪ್ಪ ಮೆಷಿನ್ ನನ್ನಲ್ಲಿತ್ತು. ಅದನ್ನು ಕೇಳಿಕೊಂಡೇ ಅವರು ಭದ್ರಾವತಿಯಿಂದ ರೈಲಿನಲ್ಲಿ ಬಂದರು. ಅಲ್ಲಿನ ಕಾರ್ಖಾನೆಯಲ್ಲಿ ಅಚ್ಚಿನ ಮೇಸ್ತ್ರಿ ಅವರು. ಎರಕ ಹೊಯ್ಯುವ ಮೊದಲು ಬೇಕಾದ ಆಕಾರವನ್ನು ಮರದಲ್ಲಿ ಮಾಡಿ ಮರಳಿನಲ್ಲಿ ಒತ್ತಬೇಕು. ಆ ಮರದ ಅಚ್ಚು ಮಾಡುವುದು ಅವರ ಕೆಲಸ. ತೆಲುಗು ಸೀಮೆಯ ಸಮುದ್ರದಂಡೆಯವರು, ನಲವತ್ತು ದಾಟಿದ ವಯಸ್ಸು. ನನ್ನನ್ನು ‘ದರ್ಜಿಗಾರು’ ಅನ್ನುತ್ತಿದ್ದರು. ನನಗೆ ಅಷ್ಟು ಮರ್ಯಾದೆ ಕೊಟ್ಟು ಕರೆದವರು ಅದಕ್ಕೂ ಮೊದಲು ಇರಲಿಲ್ಲ, ಆಮೇಲೆಯೂ ಇಲ್ಲ.

ಸುರುಳಿ ಸುತ್ತಿದ ಕಾಗದವನ್ನು ಕತ್ತರಿಸುವ ಮೇಜಿನ ಮೇಲೆ ಬಿಡಿಸಿದರು. ಮೂರು ಮೂಲೆಯ ಚಿತ್ರ. “ಇದು ಹಾಯಿ, ದರ್ಜಿಗಾರೂ. ನನ್ನ ದೋಣಿಗೆ,” ಅಂದರು.

ದೋಣಿ ಅಂದರೆ ನಾನು ತುಂಗೆಯಲ್ಲಿ ಸುತ್ತುವ ಹರಿಗೋಲು ಮಾತ್ರ ಕಂಡವನು. ಕುತೂಹಲ ತಡೆಯಲಾರದೆ ಮುಂದಿನ ಭಾನುವಾರ ಭದ್ರಾವತಿಗೇ ಹೋದೆ. ಅವರ ಮನೆಯ ಹಿತ್ತಿಲಲ್ಲಿ ಇಬ್ಬರು ಕೂರುವಷ್ಟು ಸಣ್ಣ ದೋಣಿ, ಕೈಯಾಡಿಸಿದರೆ ಒಂದು ಕಡೆಯೂ ತೊಡಕಿಲ್ಲ. ಭದ್ರಾ ಹೊಳೆಯಲ್ಲಿ ಬಂಡೆ, ಸೆಳೆತ. ಹಾಯಿ ಬಿಚ್ಚಲು ಕೆರೆಯೇ ಬೇಕು. ಕೆರೆಗೆ ಒಯ್ಯಲೆಂದು ಹಳೆ ಜಟಕಾದ ಗಾಲಿಗಳನ್ನು ತಂದು ದೋಣಿಗೇ ಒಂದು ಗಾಡಿ ಮಾಡಿದ್ದರು. ಒಂದು ಎತ್ತು ಸಾಕು ಎಳೆಯಲು. ನೀರಿನ ಮೇಲೆ ಹೋಗಬೇಕಾದದ್ದು ಮೊದಲು ನೆಲದ ಮೇಲೆ ಸವಾರಿ ಹೊರಡುತ್ತದೆ ಎಂದು ಬೀದಿಯವರು ನಗುತ್ತಿದ್ದರಂತೆ.

ದೋಣಿಯ ತಳದಲ್ಲಿ ಒಂದು ಸೀಳು ಕಂಡು ನಾನು ಗಾಬರಿಯಾದೆ. ತೂತಿನ ದೋಣಿ ಮುಳುಗುವುದಿಲ್ಲವೇ? ಆ ಸೀಳಿನ ಸುತ್ತ ಹಲಗೆಯ ಗೂಡು ಕಟ್ಟಿದೆ, ನೀರು ಒಳಗೆ ಬರುವುದಿಲ್ಲ. ಅದರಲ್ಲಿ ಒಂದು ಹಲಗೆ ಇಳಿಬಿಟ್ಟರೆ ದೋಣಿ ಪಕ್ಕಕ್ಕೆ ಜಾರುವುದಿಲ್ಲ, ಆಗ ಎದುರು ಗಾಳಿಗೂ ಮುಂದೆ ಹೋಗುತ್ತದೆ ಅಂದರು. ಅದನ್ನು ಮಾತ್ರ ನಾನು ನಂಬಲಿಲ್ಲ.

“ಗಾಳಿ ಬಂದಾಗ ತೂರಿಕೋ ಅಂತ ಕೇಳಿದೀನಿ ಮೇಸ್ತ್ರಿ. ಗಾಳಿ ಎದುರಿಗೇ ಹೋಗೋದು ಹೆಂಗೆ?”

ಅವರು ಒಳಗೆ ಹೋಗಿ ನೆನೆಸಿದ ಹಲಸಿನ ಬೀಜ ಒಂದನ್ನು ತಂದು ನನ್ನ ಹೆಬ್ಬೆರಳು, ತೋರುಬೆರಳ ನಡುವೆ ಇಟ್ಟರು. “ಒತ್ತಿ.” ಒತ್ತಿದೆ. ಬೀಜ ಪುಳಕ್ಕನೆ ಮುಂದಕ್ಕೆ ಹಾರಿತು. “ಒಂದು ಕಡೆ ಗಾಳಿ ಒತ್ತತ್ತೆ, ಇನ್ನೊಂದು ಕಡೆ ನೀರು. ದೋಣಿ ಮುಂದೆ ಜಾರತ್ತೆ. ನೆಟ್ಟಗಲ್ಲ, ಎಡಕ್ಕೆ ಓರೆ, ಬಲಕ್ಕೆ ಓರೆ... ಗಾಡಿ ಘಾಟಿ ಹತ್ತೋ ಹಾಗೆ.” ಅರ್ಧ ಅರ್ಥವಾಯಿತು. ಇನ್ನರ್ಧ ಕಣ್ಣಾರೆ ನೋಡಿಯೇ ತಿಳಿಯಬೇಕು ಅನ್ನಿಸಿತು.

ಇಷ್ಟೆಲ್ಲ ಯಾಕೆ ಮೇಸ್ತ್ರಿ ಎಂದು ಒಮ್ಮೆ ಕೇಳಿದ್ದೆ. “ಇಪ್ಪತ್ತು ವರ್ಷದಿಂದ ನಾನು ಮಾಡಿದ್ದನ್ನೆಲ್ಲ ಮರಳಲ್ಲಿ ಹೂಳ್ತಾರೆ. ಹೊರಗೆ ಬರೋದು ಕಬ್ಬಿಣ. ನಮ್ಮಪ್ಪ ಮಾಡಿದ್ದು ನೀರ ಮೇಲೆ ಕಾಣ್ತಿತ್ತು,” ಅಂದಿದ್ದರು. ಅವರ ಅಪ್ಪ ದೋಣಿ ಕಟ್ಟುವ ಬಡಗಿಯಂತೆ.

ಆದರೆ ಕೆರೆ ಸಿಗಬೇಕಲ್ಲ. ಒಂದು ಕೆರೆಯಲ್ಲಿ ಬಲೆ ಹರಿಯುತ್ತದೆ ಅಂದರು, ಇನ್ನೊಂದರಲ್ಲಿ ಹೆಂಗಸರು ಬಟ್ಟೆ ಒಗೆಯುವ ಜಾಗ ಅಂದರು. ಉಳಿದದ್ದು ಮಾಚೇನಹಳ್ಳಿಯಿಂದ ಒಳಗೆ ಇದ್ದ ಒಂದು ದೊಡ್ಡ ಕೆರೆ. ಆ ಊರಿನ ಗೌಡರು ಅರ್ಧ ಒಪ್ಪಿದ್ದರು. ಗೌಡರ ಮನೆಯ ಮದುವೆ ಬಟ್ಟೆಗಳೆಲ್ಲ ನನ್ನಲ್ಲೇ ಹೊಲಿಯುತ್ತಿದ್ದರಿಂದ ಮೇಸ್ತ್ರಿಯ ಜೊತೆ ನಾನೂ ಮಾತಿಗೆ ಹೋಗಿದ್ದೆ.

“ಹುಟ್ಟು ಹಾಕಬಾರದು, ಜಲ್ಲೆ ಊರಬಾರದು,” ಅಂದರು ಗೌಡರು. “ಗಾಳೀಲಿ ಹೋಗಿ ಗಾಳೀಲೇ ಏರಿಗೆ ಬನ್ನಿ. ಬಂದ್ರೆ ಯಾವಾಗ ಬೇಕಾದ್ರೂ ದೋಣಿ ಬಿಡಿ, ಯಾರೂ ಕೇಳಲ್ಲ. ನಾವು ಎಳ್ಕೊಂಡು ಬರೋ ಹಾಗಾಯ್ತೋ, ಮತ್ತೆ ಈ ಕಡೆ ತರಬೇಡಿ ಮಾರಾಯ್ರೆ. ನಿಮ್ಮನ್ನ ಎಳೆಯಕ್ಕೆ ಹೋಗಿ ನಮ್ಮೋರು ಮುಳುಗಿದ್ರೆ ಯಾರು ಜವಾಬ್ದಾರಿ?” ಮೇಸ್ತ್ರಿ ಒಪ್ಪಿಕೊಂಡರು. ಬೇರೆ ಕೆರೆ ಇರಲಿಲ್ಲ.

ಈಗ ನನ್ನ ಜಾಣತನದ ಕಥೆ. ಕಾಗದದ ಚಿತ್ರದಲ್ಲಿ ಹಾಯಿಯ ಎರಡು ಅಂಚುಗಳು ನೆಟ್ಟಗಿರಲಿಲ್ಲ. ನಡುವೆ ನಾಲ್ಕು ಬೆರಳಿನಷ್ಟು ಹೊರಕ್ಕೆ ಬಾಗಿದ್ದವು. ಗೀಟು ಹೇಗಿದೆಯೋ ಹಾಗೇ ಕತ್ತರಿಸಿ ಎಂದು ಮೇಸ್ತ್ರಿ ಹೇಳಿಯೂ ಇದ್ದರು. ಆದರೆ ಕಬ್ಬಿಣ ಆರುವಾಗ ಕುಗ್ಗುತ್ತದೆ, ಅದಕ್ಕೇ ಅಚ್ಚನ್ನು ಯಾವಾಗಲೂ ತುಸು ದೊಡ್ಡದು ಮಾಡುತ್ತೇವೆ ಎಂದು ಅವರೇ ಒಂದು ಸಲ ವಿವರಿಸಿದ್ದರು. ಓಹೋ, ಹಾಯಿಗೆ ತಂದ ಮಾಂಜರಪಾಟು ನೆನೆದರೆ ಕುಗ್ಗುತ್ತದೆಂದು ಅಭ್ಯಾಸಬಲದಿಂದ ಇಲ್ಲೂ ಹೆಚ್ಚಿಗೆ ಬಿಟ್ಟಿದ್ದಾರೆ ಅಂದುಕೊಂಡೆ. ನಾನೇನು ನಿನ್ನೆ ಮೊನ್ನೆಯ ದರ್ಜಿಯೇ? ಬಟ್ಟೆಯನ್ನು ಎರಡು ದಿನ ನೀರಲ್ಲಿ ನೆನೆಸಿ, ಒಣಗಿಸಿ, ಕುಗ್ಗುವಷ್ಟು ಕುಗ್ಗಿಸಿಯೇ ಮೇಜಿಗೆ ತಂದಿದ್ದೆ. ಇನ್ನು ಆ ಹೆಚ್ಚುವರಿ ಯಾಕೆ? ಅಡ್ಡಕೋಲು ಇಟ್ಟು, ಬಾಗನ್ನು ತೆಗೆದು, ನೆಟ್ಟಗೆ ಕತ್ತರಿಸಿದೆ. ಎಲ್ಲೂ ಜೋಲು ಬೀಳದಂತೆ ಅಂಚು ಮಡಿಚಿ ಬಿಗಿಯಾಗಿ ಹೊಲಿದೆ. ಜೋಲು ಬಿದ್ದರೆ ದರ್ಜಿಗೆ ಅವಮಾನ ಎಂದೇ ಕಲಿತವನು ನಾನು. ಅಂಥ ಹೊಲಿಗೆ ಆ ವರ್ಷ ಇನ್ನೊಂದು ಹೊಲಿದಿರಲಿಲ್ಲ.

ಕಾರ್ತಿಕದ ಒಂದು ಭಾನುವಾರ. ಕೆರೆ ತುಂಬಿತ್ತು, ಏರಿಯ ಮೇಲೆ ಊರೆಲ್ಲ ನಿಂತಿತ್ತು. ಮೇಸ್ತ್ರಿಗೆ ಹಾಯಿ ಬಿಡಿಸಿ ನೋಡಲೂ ಪುರುಸೊತ್ತಿರಲಿಲ್ಲ. ನಾನು ಅದನ್ನು ಆ ಬೆಳಿಗ್ಗೆಯೇ ಒಯ್ದು ಕೊಟ್ಟಿದ್ದೆ. ಮೂಡಣ ಗಾಳಿ ಸಣ್ಣಗೆ ಬೀಸುತ್ತಿತ್ತು. ಏರಿಯಿಂದ ಆಚೆ ದಡಕ್ಕೆ ದೋಣಿ ಸದ್ದಿಲ್ಲದೆ ಹೋಯಿತು. ಗೌಡರು ತಲೆಗೆ ಸುತ್ತಿದ ಟವೆಲ್ ಬಿಚ್ಚಿ ಹೆಗಲಿಗೆ ಹಾಕಿಕೊಂಡು ಕಣ್ಣು ಕೀಲಿಸಿ ನೋಡಿದರು. ನಾನಂತೂ ಉಬ್ಬಿಹೋಗಿದ್ದೆ.

ಅಲ್ಲಿಂದ ತಿರುಗಿದರು. ಎಡಕ್ಕೆ ಓರೆಯಾಗಿ ಬಂದರು, ಬಲಕ್ಕೆ ತಿರುಗಿದರು... ತಿರುಗಿದ ಆಚೆ ದಡಕ್ಕೇ ಮತ್ತೆ ಬಂದು ನಿಂತರು. ಮತ್ತೆ ಎಡಕ್ಕೆ, ಮತ್ತೆ ಬಲಕ್ಕೆ. ಹಾಯಿ ಹಲಗೆಯಂತೆ ಚಪ್ಪಟೆಯಾಗಿತ್ತು, ಗಾಳಿ ಅದರಲ್ಲಿ ನಿಲ್ಲಲೇ ಇಲ್ಲ. ಎಷ್ಟು ಸಲ ಹಾಗೆ ಅಡ್ಡಾಡಿದರೋ ಲೆಕ್ಕ ಇಟ್ಟಿಲ್ಲ. ಬಿಸಿಲು ನೆತ್ತಿಗೆ ಬಂದು ಇಳಿಯಿತು. ಕೊನೆಗೆ ನಾಲ್ಕು ಜನ ಹರಿಗೋಲಿನಲ್ಲಿ ಹೋಗಿ ಹಗ್ಗ ಕಟ್ಟಿ ಎಳೆದು ತಂದರು. ಯಾರೂ ಜೋರಾಗಿ ನಗಲಿಲ್ಲ, ಅದೊಂದು ಪುಣ್ಯ.

ಏರಿಗೆ ಬಂದ ಮೇಸ್ತ್ರಿ ಹಾಯಿಯ ಅಂಚಿನ ಮೇಲೆ ಕೈಯಾಡಿಸಿದರು. ನಡುವೆ ಕೈ ನಿಂತಿತು. ತಲೆಯೆತ್ತಿ ನನ್ನನ್ನು ನೋಡಿದರು. “ಏನಾಯ್ತು ಮೇಸ್ತ್ರಿ?” ಎಂದು ಗೌಡರು ಕೇಳಿದಾಗ, “ನನ್ನ ಲೆಕ್ಕ ತಪ್ಪಿತು,” ಅಂದರು. ಅಷ್ಟೇ.

ವಾಪಸು ಬರುವ ದಾರಿಯಲ್ಲಿ ಎತ್ತಿನ ಹಿಂದೆ ಇಬ್ಬರೂ ನಡೆಯುತ್ತಿದ್ದೆವು. “ಆ ಬಾಗು ಯಾಕೆ ತೆಗೆದಿರಿ ದರ್ಜಿಗಾರೂ?” ಎಂದರು. ಹೇಳಿದೆ. ಆ ಬಾಗಿನಿಂದಲೇ ಹಾಯಿಗೆ ಹೊಟ್ಟೆ ಬರುವುದಂತೆ. ಹೊಟ್ಟೆಯಿಲ್ಲದ ಹಾಯಿ ಸಣ್ಣ ಗಾಳಿಯನ್ನು ಹಿಡಿಯುವುದಿಲ್ಲವಂತೆ. “ನಿಮ್ಮ ತಪ್ಪಲ್ಲ. ನಾನು ಗೀಟು ಕೊಟ್ಟೆ, ಕಾರಣ ಕೊಡಲಿಲ್ಲ,” ಅಂದರು.

ಗೌಡರ ಹತ್ತಿರ ಹೋಗಿ ನನ್ನದೇ ತಪ್ಪು ಎಂದು ಹೇಳುತ್ತೇನೆ ಅಂದೆ. ಮರುದಿನ ಹೋಗಬೇಕೆಂದಿದ್ದೆ. ಆಮೇಲೆ ಲಗ್ನದ ಕೆಲಸ ಬಂತು... ನಿಜ ಹೇಳಬೇಕೆಂದರೆ ಹೆದರಿದೆ. ಬಟ್ಟೆ ಕೆಡಿಸಿದ ದರ್ಜಿ ಎಂದು ಆ ಊರಲ್ಲಿ ಹೆಸರಾದರೆ ನಾಳೆ ಯಾರು ಬರುತ್ತಾರೆ? ಬದಲಿಗೆ ಹೊಸ ಬಟ್ಟೆ ತಂದು, ನಾಲ್ಕು ಬೆರಳಿನ ಬಾಗು ಇಟ್ಟು, ಇನ್ನೊಂದು ಹಾಯಿ ಹೊಲಿದು ಭದ್ರಾವತಿಗೆ ಒಯ್ದೆ. ಮೇಸ್ತ್ರಿ ಅದನ್ನು ಹಿತ್ತಿಲ ತಂತಿಯ ಮೇಲೆ ಹರಡಿ ತುಂಬ ಹೊತ್ತು ನೋಡಿದರು. “ಈಗ ಸರಿಯಾಗಿದೆ,” ಅಂದರು. ಕೆರೆಯ ಮಾತನ್ನು ಇಬ್ಬರೂ ಎತ್ತಲಿಲ್ಲ.

ಯುದ್ಧ ಶುರುವಾದ ಮೇಲೆ ಸಮುದ್ರದಂಡೆಯ ಯಾವುದೋ ಊರಲ್ಲಿ ಹಡಗಿನ ಕೆಲಸ ಸಿಕ್ಕಿ ಅವರು ಹೊರಟುಹೋದರು. ದೋಣಿಯನ್ನು ಬಿಚ್ಚಿ ಹಲಗೆಗಳನ್ನು ಅಕ್ಕಪಕ್ಕದವರಿಗೆ ಕೊಟ್ಟರಂತೆ. ಎರಡು ವರ್ಷ ಕಳೆದ ಮೇಲೆ ಕಾಯಿಲೆಯಾಗಿ ತೀರಿಕೊಂಡರೆಂದು ಕಾರ್ಖಾನೆಯವರೊಬ್ಬರು ಬಂದು ಹೇಳಿದರು. ಅಂಗಡಿ ಬಾಗಿಲು ಹಾಕಿಕೊಂಡು ಮನೆಗೆ ಹೋದೆ. ಮರುದಿನ ಗೌಡರ ಊರಿಗೆ ನಡೆದೆ.

ಗೌಡರು ಜಗುಲಿಯ ಮೇಲೆ ಎಲೆಗೆ ಸುಣ್ಣ ಹಚ್ಚುತ್ತ ಎಲ್ಲವನ್ನೂ ಕೇಳಿದರು. ಕೇಳಿ ಎಲೆಯನ್ನು ಬಾಯಿಗೆ ಹಾಕಿಕೊಳ್ಳದೆ ಹಾಗೇ ಹಿಡಿದು ಕೂತರು.

“ಇದನ್ನ ಅವತ್ತೇ ಹೇಳಬಾರ್ದಿತ್ತಾ ಮಾರಾಯ್ರೆ? ಇನ್ನೊಂದು ಭಾನುವಾರ ಕೊಡ್ತಿದ್ವಿ. ಅದು ಹೆಂಗೆ ಬರುತ್ತೆ ಅಂತ ನೋಡಬೇಕು ಅಂತ ನಮಗೂ ಆಸೆ ಇತ್ತಲ್ಲ.”

ನನಗೀಗ ಎಪ್ಪತ್ತು ದಾಟಿದೆ. ಮೊಮ್ಮಗಳಿಗೆ ಬಟ್ಟೆ ಕತ್ತರಿಸುವುದನ್ನು ಹೇಳಿಕೊಡುವಾಗ ಪ್ರತಿ ಗೀಟಿಗೂ ಕಾರಣ ಹೇಳುತ್ತೇನೆ. ಅಜ್ಜ ಬಹಳ ಕೊರೀತಾರೆ ಎಂದು ಅವಳು ಗೊಣಗುತ್ತಾಳೆ. ಮೇಸ್ತ್ರಿ ಹೇಳಿದ್ದು ನಿಜವೇ ಇರಬೇಕು, ಅವರು ಸುಳ್ಳು ಹೇಳುವವರಲ್ಲ. ಆದರೆ ಎದುರು ಗಾಳಿಗೆ ದೋಣಿ ಬರುವುದನ್ನು ನಾನು ಇವತ್ತಿನವರೆಗೂ ಕಂಡಿಲ್ಲ.