ಇನ್‌ಲೆಟ್ ನಟ್ಟಿಗೆ ಮೆತ್ತಿದ ಗಂಧ

ಹಿರೇಹಳ್ಳಿಯ ಒಂದು ಔಷಧಿ ಕಾರ್ಖಾನೆಯ ಲ್ಯಾಬಿನಲ್ಲಿ ನಾನು ಹದಿನೈದು ವರ್ಷ ಜಿಸಿ ಮೆಷಿನ್ನಿನ ಮುಂದೆ ಕೂತವನು. ಜಿಸಿ ಅಂದರೆ ಗ್ಯಾಸ್ ಕ್ರೊಮ್ಯಾಟೋಗ್ರಾಫ್. ಔಷಧಿಯ ಪುಡಿಯಲ್ಲಿ, ತಯಾರಿಸುವಾಗ ಬಳಸಿದ ಸಾಲ್ವೆಂಟು ಎಷ್ಟು ಉಳಿದಿದೆ ಎಂದು ಅದು ಹೇಳುತ್ತದೆ. ಸ್ಯಾಂಪಲ್ಲನ್ನು ಸೂಜಿಯಿಂದ ಚುಚ್ಚುವ ಅದರ ಬಾಯಿಗೆ ಇನ್‌ಲೆಟ್ ಅನ್ನುತ್ತೇವೆ. ಅಲ್ಲಿ ಗ್ಯಾಸಿನ ಪ್ರೆಶರ್ ನಿಲ್ಲದಿದ್ದರೆ ಮುಂದೆ ಬರುವ ಲೆಕ್ಕವೆಲ್ಲ ಸುಳ್ಳು. ಕುಣಿಗಲ್ಲಿನಿಂದ ದಿನಾ ಬಸ್ಸಿನಲ್ಲಿ ತೂಕಡಿಸುತ್ತ ಬರುತ್ತಿದ್ದ ನನಗೆ, ಮೆಷಿನ್ನಿನ ಮುಂದೆ ನಿಂತ ಕೂಡಲೇ ಎಲ್ಲಿಲ್ಲದ ಜಂಬ ಬರುತ್ತಿತ್ತು.

ನನ್ನ ಕೈಕೆಳಗೆ ಗುಬ್ಬಿಯಿಂದ ಬರುತ್ತಿದ್ದ ಒಬ್ಬ ಹೆಂಗಸು ಇದ್ದಳು. ಎರಡು ಮಕ್ಕಳ ತಾಯಿ, ನಾಲ್ಕು ವರ್ಷದಿಂದ ಕಾಂಟ್ರಾಕ್ಟಿನಲ್ಲಿ ದುಡಿಯುತ್ತಿದ್ದಳು. ದೀಪಾವಳಿಯೊಳಗೆ ಪರ್ಮನೆಂಟ್ ಮಾಡ್ತೀವಿ ಎಂದು ಮ್ಯಾನೇಜರ್ ಮಾತು ಕೊಟ್ಟಿದ್ದರು. ಆಕೆಯ ಕೆಲಸದಲ್ಲಿ ತಪ್ಪು ಸಿಗುತ್ತಿರಲಿಲ್ಲ. ನಾನು ಹುಡುಕಿದ್ದೆ.

ಆ ವರ್ಷದ ಆಯುಧಪೂಜೆಗೆ ಮೆಷಿನ್ನುಗಳನ್ನೆಲ್ಲ ಆರಿಸಿ, ಒರೆಸಿ, ಹೂವು ಮುಡಿಸಿದೆವು. ಉಳಿದವರು ಮೆಷಿನ್ನಿನ ಮುಂಭಾಗಕ್ಕೆ ವಿಭೂತಿ ಪಟ್ಟೆ ಎಳೆದು ಸುಮ್ಮನಾದರು. ನಾನೊಬ್ಬ ಅತಿಬುದ್ಧಿವಂತ. ಅನ್ನ ಕೊಡುವ ಬಾಯಿಗೇ ಪೂಜೆಯಾಗಬೇಕು ಎಂದು ಇನ್‌ಲೆಟ್ಟಿನ ನಟ್ಟಿನ ಸುತ್ತ ಗಂಧವನ್ನು ದಪ್ಪಗೆ ಮೆತ್ತಿ ಕುಂಕುಮ ಇಟ್ಟೆ. ಪೂಜೆಯ ಗಂಧವನ್ನು ನಮ್ಮಲ್ಲಿ ಯಾರೂ ಒರೆಸುವುದಿಲ್ಲ, ತಾನಾಗಿ ಉದುರಬೇಕು. ಮೆಷಿನ್ ಮತ್ತೆ ಬಿಸಿಯಾದಾಗ ಗಂಧ ಸೀದು ಕಂದು ಚಕ್ಕೆಯಾಯಿತು. ನೋಡಿಯೂ ಕೈಮುಗಿದು ಹೋದೆ.

ವಾರ ಕಳೆದ ಮೇಲೆ ಆಕೆ ಆ ನಟ್ಟು ಬಿಚ್ಚಿ, ಒಳಗಿನ ಗಾಜಿನ ಕೊಳವೆ, ರಬ್ಬರ್ ಬಿಲ್ಲೆ ಬದಲಿಸಿ ಲಾಗ್‌ಬುಕ್ಕಿನಲ್ಲಿ ಸಹಿ ಹಾಕಿದಳು. ಆಮೇಲೆ ಕೆಟ್ಟಿತು. ಹದಿನೈದಕ್ಕೆ ಏರಬೇಕಾದ ಪ್ರೆಶರ್ ಮೊದಲು ಹದಿಮೂರಕ್ಕೆ ಜಾರಿತು. ಮೂರನೇ ದಿನ ಒಂಬತ್ತಕ್ಕೆ ನಿಂತು ಮೆಷಿನ್ ಕಿರುಚತೊಡಗಿತು. ಅಷ್ಟರಲ್ಲಿ ಎರಡು ದಿನದ ರಿಪೋರ್ಟು ತಪ್ಪಾಗಿ ಹೋಗಿ, ಮಾಲು ಗಿರಾಕಿಯ ಗೋಡೌನಿನಿಂದ ವಾಪಸ್ಸು ಬಂದಿತ್ತು. ಮ್ಯಾನೇಜರ್ ಲಾಗ್‌ಬುಕ್ ತೆರೆದು ಆಕೆಯ ಸಹಿಯ ಮೇಲೆ ಬೆರಳಿಟ್ಟರು. ಕಾರಣ ಗೊತ್ತಾಗುವವರೆಗೂ ಬರಬೇಡ ಎಂದು ಮನೆಗೆ ಕಳಿಸಿದರು.

ಕಾರಣ ಹುಡುಕುವ ಕೆಲಸ ನನ್ನದಾಯಿತು. ಸಿಲಿಂಡರ್ ತುಂಬಿತ್ತು, ರೆಗ್ಯುಲೇಟರ್ ಸರಿಯಿತ್ತು. ಇನ್‌ಲೆಟ್ಟಿನ ಕೆಳಗೆ ಜೋಡಿಸಿದ ಸುರುಳಿ ನಳಿಗೆ, ಅಂದರೆ ಕಾಲಂ, ಕಳಚಿ ಆ ತೂತಿಗೆ ಬಿರಡೆ ಬಿಗಿದೆ. ಆದರೂ ಪ್ರೆಶರಿನ ಮುಳ್ಳು ಇಳಿಯುತ್ತಲೇ ಇತ್ತು. ಅಂದರೆ ಸೋರಿಕೆ ಮೇಲೆ, ಇನ್‌ಲೆಟ್ಟಿನಲ್ಲೇ ಇದೆ. ಮೆಷಿನ್ ತಣ್ಣಗಾಗಲು ಬಿಟ್ಟು, ನಟ್ಟು ಬಿಚ್ಚಿ ಟಾರ್ಚ್ ಹಾಕಿದೆ. ಗಾಜಿನ ಕೊಳವೆಯ ಸುತ್ತ ಗಾಳಿ ಹೋಗದಂತೆ ತಡೆಯುವ ರಬ್ಬರ್ ಬಳೆ, ನಾವು ಓ-ರಿಂಗ್ ಅನ್ನುವುದು, ಒಂದು ಕಡೆ ಕೂದಲೆಳೆಯಷ್ಟು ಎದ್ದಿತ್ತು. ಅದರಡಿ ಸಾಸಿವೆಗಿಂತ ಸಣ್ಣ ಎರಡು ಕಂದು ಚಕ್ಕೆ, ಒಂದಕ್ಕೆ ಕುಂಕುಮದ ಕೆಂಪು ಅಂಟಿತ್ತು. ಆಕೆ ನಟ್ಟು ತಿರುಗಿಸುವಾಗ, ನಾನು ಮೆತ್ತಿದ ಗಂಧದಿಂದ ಉದುರಿ ಒಳಗೆ ಬಿದ್ದಿದ್ದವು. ಚಕ್ಕೆಗಳನ್ನು ಚಿಮುಟದಿಂದ ತೆಗೆದು ಟಿಶ್ಯೂವಿನಲ್ಲಿ ಸುತ್ತಿ, ಹೇಳಿಬಿಡೋಣ ಎಂದೇ ಮ್ಯಾನೇಜರ್ ಕೋಣೆಗೆ ಹೋದೆ.

ನಾನು ಬಾಯಿ ತೆಗೆಯುವ ಮುಂಚೆ ಅವರೇ ಕೇಳಿದರು. "ಏನ್ರೀ, ಆಯಮ್ಮ ಸರಿಯಾಗಿ ಫಿಟ್ ಮಾಡಿಲ್ಲ ತಾನೆ?"

"ಓ-ರಿಂಗ್ ಸರಿಯಾಗಿ ಕೂತಿರ್ಲಿಲ್ಲ ಸಾರ್," ಅಂದೆ.

ಅದು ಸುಳ್ಳಲ್ಲ, ಮೆಷಿನ್ನಿನಲ್ಲಿ ಆಗಿದ್ದೇ ಅದು. ಅವರು ಅಷ್ಟನ್ನೇ ಬರೆದುಕೊಂಡು ನನಗೆ ಟೀ ತರಿಸಿದರು. ಟಿಶ್ಯೂ ಜೇಬಿನಲ್ಲೇ ಇತ್ತು. ಟೀಯನ್ನು ಪೂರ್ತಿ ಕುಡಿದೆ. ನನ್ನಂಥ ಹೇಡಿಯನ್ನು ನಾನೇ ಕಂಡಿಲ್ಲ.

ಆಕೆಯ ಕಾಂಟ್ರಾಕ್ಟ್ ಮುಗಿಸಿದರು. ಐಡಿ ಕಾರ್ಡು, ಏಪ್ರನ್ನು ವಾಪಸ್ಸು ಕೊಡಲು ಆಕೆ ಮಧ್ಯಾಹ್ನ ಊಟದ ಹೊತ್ತಿಗೆ ಬಂದಳು. ಏಪ್ರನ್ನನ್ನು ಒಗೆದು ಇಸ್ತ್ರಿ ಮಾಡಿಸಿ ತಂದಿದ್ದಳು. ಬಾಗಿಲ ಹತ್ತಿರ ನನಗಾಗಿಯೇ ಕಾದಿದ್ದವಳಂತೆ ನಿಂತು ಕೇಳಿದಳು.

"ಸಾರ್, ನಿಜ ಹೇಳಿ. ಓ-ರಿಂಗ್ ಕೂರ್ಸಿದ್ಮೇಲೆ ಎರಡ್ ಸಲ ಚೆಕ್ ಮಾಡಿದ್ದೆ. ಆದ್ರೂ ನನ್ ಕೈಯಿಂದ್ಲೇ ತಪ್ಪಾಯ್ತಾ?"

ಆಗಲೂ ಹೇಳಬಹುದಿತ್ತು. ಕಾರಿಡಾರಿನಲ್ಲಿ ಬೇರೆ ಯಾರೂ ಇರಲಿಲ್ಲ.

"ಹೋಗ್ಲಿ ಬಿಡಮ್ಮ," ಅಂದೆ. "ಎಲ್ರಿಗೂ ಒಂದೊಂದ್ ಸಲ ಆಯ್ತದೆ."

ಆಕೆ ತಲೆಯಾಡಿಸಿದಳು. ಚೀಲದ ಜಿಪ್ಪು ಎಳೆಯುತ್ತ, "ನೀವೇ ನೋಡಿ ಹೇಳಿದ್ಮೇಲೆ ಇನ್ನೇನ್ ಸಾರ್. ಇನ್ಮೇಲೆ ಮೂರ್ ಸಲ ಚೆಕ್ ಮಾಡ್ತೀನಿ," ಅಂದಳು.