ಸುರುಳಿಯೊಳಗಿನ ತೂತಿನ ಎಂಟಾಣೆ

ಅರವತ್ತರ ದಶಕದಲ್ಲಿ ನಾನು ಸಾಗರದ ಬಸ್ ಕಚೇರಿಯೊಂದರಲ್ಲಿ ಗುಮಾಸ್ತನಾಗಿದ್ದೆ. ತೀರ್ಥಹಳ್ಳಿ ಬಸ್ಸಿನ ಕಂಡಕ್ಟರು ಸಂಜೆ ಚಿಲ್ಲರೆಯನ್ನು ಹಳೇ ಕಾಗದದಲ್ಲಿ ಬಿಗಿಯಾಗಿ ಸುತ್ತಿ ತರುತ್ತಿದ್ದರು. ಬಿಚ್ಚಿದರೆ ಸುರುಳಿಯ ನಡುವೆ ತೂತು ಕೊರೆದ ಎಂಟಾಣೆಯೊಂದು ಆಗಾಗ ಸಿಗುತ್ತಿತ್ತು. ಟಿಕೆಟ್ಟಿಗೆ ಬೇರೆ ದುಡ್ಡಿಲ್ಲದವರು ಮಕ್ಕಳ ಉಡಿದಾರದಿಂದ ಬಿಚ್ಚಿ ಕೊಟ್ಟದ್ದು. ನಾನು ಕಂಡಕ್ಟರ ಮುಖ ನೋಡಿದರೆ, "ತೂತು ಬಿದ್ರೆ ದುಡ್ಡು ಸತ್ತೋಗ್ತದಾ ಮಾರಾಯ್ರೆ?" ಎನ್ನುತ್ತಿದ್ದರು. ನಾನು ಲೆಕ್ಕಕ್ಕೆ ಸೇರಿಸಿಕೊಳ್ಳುತ್ತಿದ್ದೆ.

ಒಂದು ಸಂಜೆ ಅಂಥದ್ದು ಬಸ್ಸಿನ ಧಣಿಗಳ ಕೈಗೇ ಸಿಕ್ಕಿತು. "ಇದನ್ನ ಕೊಟ್ಟವರನ್ನ ಅಲ್ಲೇ ಇಳಿಸ್ಬೇಕಿತ್ತು! ಇನ್ನೊಂದು ಬಂದ್ರೆ ನೀನು ಮನೆಗೆ," ಎಂದು ಕಂಡಕ್ಟರ ಮೇಲೆ ರೇಗಿದರು.

"ಜ್ವರದ ಮಗೂನ ಎತ್ಕೊಂಡು ಒಬ್ಳು ತಾಯಿ ಆಸ್ಪತ್ರೆಗೆ ಹೊರಟಿದ್ಲು, ಧಣಿ. ಹೊಸನಗರದ ಕಾಡಲ್ಲಿ ಇಳಿಸ್ಲಾ?"

ಕಂಡಕ್ಟರು ಗೋಡೆಯ ಲಕ್ಷ್ಮೀಪಟದತ್ತ ಕೈ ತೋರಿಸಿದರು. ಪಟಕ್ಕೆ ಧಣಿಗಳೇ ಹಾಕಿಸಿದ್ದ ತೂತಿನ ನಾಣ್ಯಗಳ ಮಾಲೆಯಿತ್ತು.

"ಅಮ್ಮನ ಕೊರಳಿಗೆ ಆಗ್ತದೆ, ನಿಮ್ಮ ಬಸ್ಸಿಗೆ ಆಗಲ್ವಾ?"

ಧಣಿಗಳು ಎದ್ದು ಹೋದರು.

ಮರುದಿನವೂ ಸುರುಳಿ ಬಂತು. ತೂತಿನ ಎಂಟಾಣೆ ಈ ಸಲ ನಡುವೆ ಅಡಗಿರಲಿಲ್ಲ. ಎಲ್ಲಕ್ಕಿಂತ ಮೇಲೆ, ಸುರುಳಿಯ ತೆರೆದ ಬಾಯಲ್ಲಿ, ಕಾಗದ ಬಿಚ್ಚುವ ಮೊದಲೇ ಕಾಣುವ ಹಾಗೆ ಕೂತಿತ್ತು.